ಬಿಲ್ಲಿನಲ್ಲಿ ಇಲ್ಲದ ಕಾಲಂ: ವಲಸೆ ಬಂಧಿತರನ್ನು ಕಾಯುವ ಕಂಪನಿಗಳನ್ನು ಕಾಯುವವರು ಯಾರು?

ಹಾಸನ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಲೆಕ್ಕ ವಿಭಾಗದಲ್ಲಿ ಹಲವು ವರ್ಷ ಕೂತವನು ನಾನು. ತಿಂಗಳ ಮೊದಲ ವಾರ ಸೆಕ್ಯುರಿಟಿ ಏಜೆನ್ಸಿಯ ಬಿಲ್ಲು ಮೇಜಿಗೆ ಬರುತ್ತಿತ್ತು. ನೋಡಬೇಕಾದದ್ದು ಇಷ್ಟೇ: ಮೂರು ಪಾಳಿಗೆ ಎಷ್ಟೆಷ್ಟು ಜನ, ಹಾಜರಾತಿ ಪುಸ್ತಕದಲ್ಲಿ ಸಹಿ ಇದೆಯೇ, ಪಿಎಫ್ ಮತ್ತು ಇಎಸ್‌ಐ ಕಟ್ಟಿದ ಚಲನ್ ಲಗತ್ತಾಗಿದೆಯೇ, ಜಿಎಸ್‌ಟಿ ಲೆಕ್ಕ ಸರಿಯಿದೆಯೇ. ಒಬ್ಬ ಕಡಿಮೆ ಬಂದಿದ್ದರೆ ಒಬ್ಬನ ಕೂಲಿ ಕಡಿತ. ಎಲ್ಲ ತಾಳೆಯಾದರೆ ಪಾಸು.

ಒಂದು ಮಧ್ಯಾಹ್ನ ಆಲೂರು ಕಡೆಯ ಅಜ್ಜಿಯೊಬ್ಬರು ಒಳಗೆ ದಾಖಲಾಗಿದ್ದ ಮಗನಿಗೆ ಊಟ ತಂದಿದ್ದರು. ಭೇಟಿಯ ಹೊತ್ತು ಇನ್ನೂ ಆಗಿರಲಿಲ್ಲ. ಬಿಡಪ್ಪಾ ಎಂದು ಗೋಗರೆದಾಗ ಬಾಗಿಲಲ್ಲಿದ್ದವನು ಭುಜ ಹಿಡಿದು ತಳ್ಳಿದ. ಕ್ಯಾರಿಯರ್ ಉರುಳಿ ಸಾರು ಮೆಟ್ಟಿಲ ತುಂಬ ಚೆಲ್ಲಿತು. ಅಜ್ಜಿ ಬೈಯಲಿಲ್ಲ, ಅಳಲೂ ಇಲ್ಲ. ತಪ್ಪು ತನ್ನದೇ ಎಂಬಂತೆ ಸೆರಗಿನಿಂದ ಮೆಟ್ಟಿಲು ಒರೆಸತೊಡಗಿದರು. ನಾನು ಕಿಟಕಿಯಿಂದ ನೋಡಿದೆ. ಆ ತಿಂಗಳ ಬಿಲ್ಲಿನಲ್ಲಿ ಹಾಜರಾತಿ ಪೂರ್ತಿ, ಚಲನ್ ಸರಿ. ಪಾಸು ಮಾಡಿ ಸಹಿ ಹಾಕಿದವನೂ ನಾನೇ. ತಳ್ಳಿದ್ದನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.

ಈ ಅಜ್ಜಿ ಮತ್ತೆ ನೆನಪಾದದ್ದು ಮೂಡಿಗೆರೆಯ ನನ್ನ ಗೆಳೆಯ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಯಿಂದ. ಅವನ ತಂಗಿಯ ಮಗ ಇಂಗ್ಲೆಂಡಿಗೆ ಓದಲು ಹೋದಂದಿನಿಂದ ಅಲ್ಲಿನ ವೀಸಾ ಸುದ್ದಿಯನ್ನೆಲ್ಲ ಹುಡುಕಿ ಓದುವುದು ಅವನಿಗೆ ರೂಢಿ. 2023ರ ಸೆಪ್ಟೆಂಬರ್‌ನಲ್ಲಿ ಬ್ರೂಕ್ ಹೌಸ್ ಎಂಬ ಬಂಧನ ಕೇಂದ್ರದ ಬಗ್ಗೆ ದೊಡ್ಡ ವಿಚಾರಣಾ ವರದಿ ಹೊರಬಂದಾಗ, "ಅಲ್ಲ ಮಾರಾಯ, ಹಿಡಿದು ಇಟ್ಟದ್ದು ಸರ್ಕಾರ ತಾನೇ? ಮತ್ತೆ ಹೊಡೆದವರು ಕಂಪನಿಯವರು ಅಂತ ಬರೆದಿದ್ದಾರಲ್ಲ, ಕಂಪನಿಗೆ ಅಲ್ಲೇನು ಕೆಲಸ?" ಎಂದ. ಅವನಿಗೆ ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಇವರು ಕೈದಿಗಳಲ್ಲ

ಮೊದಲು ಒಳಗಿರುವವರು ಯಾರು ಎಂಬುದು ತಿಳಿಯಬೇಕು. ವೀಸಾ ಅವಧಿ ಮುಗಿದ ಮೇಲೂ ಉಳಿದವರು, ಆಶ್ರಯ ಕೇಳಿ ಅರ್ಜಿ ತಿರಸ್ಕೃತವಾದವರು, ಕಾಗದಪತ್ರ ಇಲ್ಲದೆ ಗಡಿ ದಾಟಿದವರು, ಶಿಕ್ಷೆ ಮುಗಿದರೂ ಗಡೀಪಾರಿಗೆ ಕಾಯುತ್ತಿರುವವರು. ಹೆಚ್ಚಿನವರನ್ನು ಒಳಗೆ ಹಾಕಿದ್ದು ನ್ಯಾಯಾಧೀಶರಲ್ಲ, ವಲಸೆ ಇಲಾಖೆಯ ಅಧಿಕಾರಿ. ಇದು ಶಿಕ್ಷೆಯಲ್ಲ, ವಾಪಸು ಕಳಿಸುವವರೆಗೆ ಇಟ್ಟುಕೊಳ್ಳುವ ಆಡಳಿತದ ಕ್ರಮ. ಕೇಳಲಿಕ್ಕೆ ಮೃದುವಾದ ಮಾತು. ಆದರೆ ಸಜಾ ಕೈದಿಗೆ ಬಿಡುಗಡೆಯ ತಾರೀಖು ಗೊತ್ತಿರುತ್ತದೆ, ಇವರಿಗೆ ಗೊತ್ತಿರುವುದಿಲ್ಲ. ಬ್ರಿಟನ್ನಿನಲ್ಲಿ ವಲಸೆ ಬಂಧನಕ್ಕೆ ಕಾನೂನಿನಲ್ಲಿ ಇಷ್ಟೇ ದಿನ ಎಂಬ ಸಾಮಾನ್ಯ ಮಿತಿ ಇಲ್ಲ.

ಇದು ನಮ್ಮ ಸೀಮೆಗೆ ಸಂಬಂಧವಿಲ್ಲದ ಮಾತು ಎಂದುಕೊಳ್ಳಬೇಡಿ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಹಿಡಿದು ದೇಶ ದೇಶ ಸುತ್ತುವುದು ಎಲ್ಲರಿಗೂ ಗೊತ್ತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಹೊತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿ ಕುಟುಂಬಗಳು ಅಲ್ಲಿ ಸಿಕ್ಕಿಬಿದ್ದು ಪರದಾಡಿದವು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು, ಬರುವಾಗ ಅವರ ಕೈಕಾಲಿಗೆ ಕೋಳ ಇತ್ತು. ಇನ್ನೊಂದು ಕಡೆ ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬಂದವರು ಇದ್ದಾರೆ. ಅವರ ಆಧಾರ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುವ ದಿನಗಳೂ ಬಂದಿವೆ. ಪರದೇಶಿ ಎನಿಸಿಕೊಳ್ಳುವುದು ಎರಡೂ ದಿಕ್ಕಿನಿಂದ ನಮ್ಮ ಮನೆ ಬಾಗಿಲಿಗೆ ಬಂದಿರುವ ವಿಷಯ.

ಇಂಥವರನ್ನು ಕಾಯುವ ಕೆಲಸ ಕಂಪನಿಗೆ ಹೋದದ್ದು ಇತ್ತೀಚೆಗಲ್ಲ. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್‌ನಲ್ಲಿ 1970ರಲ್ಲೇ ಸೆಕ್ಯುರಿಕಾರ್ ಎಂಬ ಖಾಸಗಿ ಕಂಪನಿ ಕಾವಲಿಗಿತ್ತು. ಅಮೆರಿಕದಲ್ಲಿ ಇಂದು ಕೋರ್‌ಸಿವಿಕ್ ಎಂದು ಕರೆಯಿಸಿಕೊಳ್ಳುವ ಜೈಲು ಕಂಪನಿ 1983ರಲ್ಲಿ ಹುಟ್ಟಿತು. ಅದಕ್ಕೆ ಮೊದಲು ಸಿಕ್ಕ ಕೆಲಸವೇ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ವಲಸೆ ಬಂಧಿತರನ್ನು ಇಟ್ಟುಕೊಳ್ಳುವುದು. ಒಂದು ಮೋಟೆಲನ್ನೇ ಬೇಲಿ ಹಾಕಿ ಬಂಧನ ಕೇಂದ್ರ ಮಾಡಿಕೊಂಡರು. ಅಂದರೆ ಖಾಸಗಿ ಜೈಲಿನ ವ್ಯಾಪಾರಕ್ಕೆ ಬೋಣಿಯಾದವರು ಕಳ್ಳರೋ ಕೊಲೆಗಾರರೋ ಅಲ್ಲ, ಓಟಿಲ್ಲದ, ಊರಿಲ್ಲದ ಈ ಜನ. ಕಾರಣ ಊಹಿಸುವುದು ಕಷ್ಟವಲ್ಲ: ಇವರಿಗಾಗಿ ಬೀದಿಗಿಳಿಯುವ ನೆಂಟರಿಷ್ಟರು ಆ ದೇಶದಲ್ಲಿ ಇರುವುದಿಲ್ಲ.

ಕಾಗದದ ಮೇಲಿನ ಕಾವಲು

ಬ್ರಿಟನ್ ಈ ವಿಷಯದಲ್ಲಿ ಕಾನೂನು ಮಾಡದೆ ಬಿಟ್ಟಿಲ್ಲ. 1999ರ ವಲಸೆ ಮತ್ತು ಆಶ್ರಯ ಕಾಯ್ದೆ ಬಂಧನ ಕೇಂದ್ರವನ್ನು ಕಂಪನಿಗೆ ವಹಿಸಬಹುದು ಎನ್ನುತ್ತದೆ, ಜೊತೆಗೆ ಕಡಿವಾಣವನ್ನೂ ಹಾಕುತ್ತದೆ. ಬಂಧಿತರ ಮೈ ಮುಟ್ಟುವ, ತಡೆಯುವ, ಬಲ ಬಳಸುವ ಅಧಿಕಾರ ಕಂಪನಿಯ ಎಲ್ಲ ನೌಕರರಿಗೂ ಇಲ್ಲ. ಗೃಹ ಇಲಾಖೆಯೇ ಹೆಸರು ಹಿಡಿದು ಪ್ರಮಾಣಪತ್ರ ಕೊಟ್ಟ ಪಹರೆ ಅಧಿಕಾರಿಗೆ ಮಾತ್ರ ಇದೆ. ಆ ಪತ್ರವನ್ನು ಇಲಾಖೆ ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು. ಪ್ರತಿ ಕೇಂದ್ರಕ್ಕೂ ಸರ್ಕಾರಿ ನೌಕರನೊಬ್ಬ ಕರಾರು ಉಸ್ತುವಾರಿ ಅಧಿಕಾರಿಯಾಗಿ ಇರಬೇಕು. ಕಂಪನಿ ಹೇಗೆ ನಡೆಸುತ್ತಿದೆ ಎಂದು ಮಂತ್ರಿಗೆ ವರದಿ ಕೊಡುವುದು, ಕಾವಲಿನವರ ಮೇಲೆ ಆರೋಪ ಬಂದರೆ ತನಿಖೆ ಮಾಡುವುದು ಅವನ ಕರ್ತವ್ಯ.

ಇದಲ್ಲದೆ ಆಯಾ ಊರಿನ ಸಾಮಾನ್ಯ ನಾಗರಿಕರೇ ಸದಸ್ಯರಾಗಿರುವ ಸ್ವತಂತ್ರ ಉಸ್ತುವಾರಿ ಮಂಡಳಿ ಇದೆ. ನಮ್ಮ ಜೈಲುಗಳಿಗೆ ಸರ್ಕಾರ ನೇಮಿಸುವ ಅಧಿಕಾರೇತರ ಸಂದರ್ಶಕರಂತೆ ಇವರು, ಆದರೆ ಇನ್ನೂ ಗಟ್ಟಿ. ಯಾವ ಹೊತ್ತಿಗಾದರೂ ಒಳಗೆ ಹೋಗಬಹುದು, ಯಾರನ್ನಾದರೂ ಮಾತಾಡಿಸಬಹುದು. ಕಾರಾಗೃಹಗಳ ಮುಖ್ಯ ತಪಾಸಣಾಧಿಕಾರಿಯ ತಂಡ ಬೇರೆ ಇದೆ, ಅದು ಹೇಳದೆ ಕೇಳದೆ ಬರುತ್ತದೆ. ಸಾವು ಸಂಭವಿಸಿದರೆ ತನಿಖೆಗೆ ಪ್ರತ್ಯೇಕ ಓಂಬುಡ್ಸ್‌ಮನ್. ಚಿತ್ರಹಿಂಸೆ ಅನುಭವಿಸಿ ಬಂದವರನ್ನೋ ಆತ್ಮಹತ್ಯೆಯ ಯೋಚನೆಯಲ್ಲಿರುವವರನ್ನೋ ಕಂಡರೆ ವೈದ್ಯರು ಇಲಾಖೆಗೆ ವರದಿ ಕಳಿಸಬೇಕು ಎಂದು 2001ರ ನಿಯಮಾವಳಿಯ 35ನೇ ನಿಯಮ ಹೇಳುತ್ತದೆ.

ಇಷ್ಟೆಲ್ಲ ಕಣ್ಣುಗಳಿದ್ದ ಜಾಗದಲ್ಲೇ ಬ್ರೂಕ್ ಹೌಸ್ ನಡೆಯಿತು.

ಬ್ರೂಕ್ ಹೌಸ್

ಗ್ಯಾಟ್ವಿಕ್ ವಿಮಾನ ನಿಲ್ದಾಣದ ರನ್‌ವೇ ಪಕ್ಕದಲ್ಲೇ ಇರುವ ಈ ಕೇಂದ್ರ ಶುರುವಾದದ್ದು 2009ರಲ್ಲಿ. ನಡೆಸುತ್ತಿದ್ದದ್ದು ಜಿ4ಎಸ್ ಕಂಪನಿ. ಕೆಲವೇ ದಿನ ತಂಗುವವರಿಗೆಂದು, ಆದರೆ ಜೈಲಿನ ಅಳತೆಯಲ್ಲಿ ಕಟ್ಟಿದ ಕಟ್ಟಡ. ಕಿಟಕಿ ತೆರೆಯುವುದಿಲ್ಲ. ಇಬ್ಬರ ಕೋಣೆಗಳಿಗೆ ಮೂರನೆಯ ಮಂಚ ಸೇರಿಸಿದರು. ಶೌಚಾಲಯ ಕೋಣೆಯೊಳಗೇ, ಮರೆಗೆ ಒಂದು ಪರದೆ. ಜನ ತಿಂಗಳುಗಟ್ಟಲೆ ಅಲ್ಲೇ ಇದ್ದರು.

2017ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ ಅಲ್ಲಿನ ಗುಪ್ತ ಚಿತ್ರೀಕರಣವನ್ನು ಪ್ರಸಾರ ಮಾಡಿತು. ಕ್ಯಾಮೆರಾ ಕಟ್ಟಿಕೊಂಡು ಓಡಾಡಿದವನು ಹೊರಗಿನಿಂದ ಬಂದ ಪತ್ರಕರ್ತನಲ್ಲ, ಅಲ್ಲೇ ಕೆಲಸಕ್ಕಿದ್ದ 21 ವರ್ಷದ ಕಾವಲುಗಾರ. ಬೈಗುಳ, ಗೇಲಿ, ಮಾದಕ ವಸ್ತು ಸೇವಿಸಿ ಒದ್ದಾಡುವವರನ್ನು ನೋಡಿ ನಗುವುದು, ಎಲ್ಲವೂ ಅದರಲ್ಲಿದ್ದವು. ಒಂದು ದೃಶ್ಯದಲ್ಲಿ ಜೀವ ಕಳೆದುಕೊಳ್ಳಲು ಯತ್ನಿಸುತ್ತಿದ್ದ ಬಂಧಿತನೊಬ್ಬನನ್ನು ನೆಲಕ್ಕೆ ಕೆಡವಿ ಕಾವಲುಗಾರನೊಬ್ಬ ಕುತ್ತಿಗೆ ಅದುಮುತ್ತಾನೆ. ಕೋಣೆಯಲ್ಲಿ ಬೇರೆ ಕಾವಲುಗಾರರಿದ್ದರು, ಶುಶ್ರೂಷಕಿಯೂ ಇದ್ದರು. ಬಲಪ್ರಯೋಗ ನಡೆದರೆ ನಮೂನೆ ತುಂಬಬೇಕೆಂಬುದು ನಿಯಮ. ಆ ದಿನ ಕುತ್ತಿಗೆ ಅದುಮಿದ್ದು ದಾಖಲೆಗೆ ಬರಲಿಲ್ಲ. ಗುಪ್ತ ಕ್ಯಾಮೆರಾ ಇಲ್ಲದೇ ಹೋಗಿದ್ದರೆ ಅದು ನಡೆದೇ ಇರಲಿಲ್ಲ ಎಂದಾಗುತ್ತಿತ್ತು.

ಇದಕ್ಕೆ ಕೆಲವೇ ತಿಂಗಳ ಹಿಂದೆ ಮುಖ್ಯ ತಪಾಸಣಾಧಿಕಾರಿಯ ತಂಡ ಅಲ್ಲಿಗೆ ಹೋಗಿ ಬಂದಿತ್ತು. ಅದರ ವರದಿ ಬಹುಮಟ್ಟಿಗೆ ಒಳ್ಳೆಯ ಮಾತನ್ನೇ ಹೇಳಿತ್ತು. ತಪಾಸಕರು ಸುಳ್ಳು ಬರೆದರು ಎಂದು ನಾನು ಹೇಳುತ್ತಿಲ್ಲ. ಹೊರಗಿನವರು ಬಂದು ನಿಂತ ಹೊತ್ತಿನಲ್ಲಿ ಯಾರೂ ಯಾರ ಕುತ್ತಿಗೆಯನ್ನೂ ಅದುಮುವುದಿಲ್ಲ. ನಮ್ಮಲ್ಲಿ ಡಿಹೆಚ್‌ಒ ಬರುವ ದಿನ ಆಸ್ಪತ್ರೆಯ ಹಾಸಿಗೆಗಳಿಗೆಲ್ಲ ಬಿಳಿ ಚಾದರ ಬಂದದ್ದನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಇಬ್ಬರು ಬಂಧಿತರು ಹೈಕೋರ್ಟ್ ಮೆಟ್ಟಿಲೇರಿದರು. ಸಾಕ್ಷಿಗಳನ್ನು ಕಡ್ಡಾಯವಾಗಿ ಕರೆಸುವ ಅಧಿಕಾರವಿರುವ ವಿಚಾರಣೆಯೇ ಆಗಬೇಕೆಂದು 2019ರಲ್ಲಿ ತೀರ್ಪು ಬಂತು. ಕೇಟ್ ಈವ್ಸ್ ಅಧ್ಯಕ್ಷತೆಯ ಆ ವಿಚಾರಣೆಯ ವರದಿ 2023ರ ಸೆಪ್ಟೆಂಬರ್ 19ರಂದು ಹೊರಬಂತು. 2017ರ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಐದೇ ತಿಂಗಳಲ್ಲಿ, ಯುರೋಪಿನ ಮಾನವ ಹಕ್ಕು ಒಡಂಬಡಿಕೆಯ 3ನೇ ವಿಧಿಗೆ ವಿರುದ್ಧ ಎನ್ನಬಹುದಾದ 19 ಪ್ರಸಂಗಗಳಿಗೆ ನಂಬಲರ್ಹ ಪುರಾವೆ ಇದೆ ಎಂದಿತು. ಆ ವಿಧಿ ಚಿತ್ರಹಿಂಸೆ ಮತ್ತು ಅಮಾನವೀಯ ನಡವಳಿಕೆಯನ್ನು ನಿಷೇಧಿಸುವಂಥದ್ದು. ವರದಿ 33 ಶಿಫಾರಸುಗಳನ್ನು ಮಾಡಿತು. ಬಂಧನಕ್ಕೆ 28 ದಿನಗಳ ಮಿತಿ ಹಾಕಿ ಎಂಬುದು ಅದರಲ್ಲಿ ಒಂದು. ಸರ್ಕಾರ 2024ರಲ್ಲಿ ಆ ಮಿತಿಯನ್ನು ಒಪ್ಪಲಿಲ್ಲ.

2,768 ಪೌಂಡ್

ನನ್ನ ವೃತ್ತಿಯ ಕಾರಣಕ್ಕೋ ಏನೋ, ಇಡೀ ಪ್ರಕರಣದಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಒಂದು ಲೆಕ್ಕದ ವರದಿ. ನಮ್ಮ ಮಹಾಲೇಖಪಾಲರ ಕಚೇರಿಯಂಥ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರ ಜುಲೈನಲ್ಲಿ ಬ್ರೂಕ್ ಹೌಸ್ ಕರಾರನ್ನು ಬಿಡಿಸಿ ನೋಡಿತು. 2012ರಿಂದ 2018ರವರೆಗೆ ಕಂಪನಿಗೆ ಬಂದ ಒಟ್ಟು ಲಾಭ 1 ಕೋಟಿ 43 ಲಕ್ಷ ಪೌಂಡ್. ಟಿವಿಯಲ್ಲಿ ದೇಶವೇ ನೋಡಿದ ಆ ಘಟನೆಗಳಿಗಾಗಿ ಕರಾರಿನ ಪ್ರಕಾರ ಬಿಲ್ಲಿನಲ್ಲಿ ಕಡಿತ ಮಾಡಲು ಸಾಧ್ಯವಾದದ್ದು 2,768 ಪೌಂಡ್.

ಯಾಕೆ ಹೀಗೆ? ಯಾರೋ ಲಂಚ ತಿಂದದ್ದರಿಂದಲ್ಲ. ಕರಾರಿನಲ್ಲಿ ಯಾವ ತಪ್ಪಿಗೆ ಎಷ್ಟು ಕಡಿತ ಎಂಬ ಪಟ್ಟಿ ಇತ್ತು. ಸಿಬ್ಬಂದಿ ಸಂಖ್ಯೆ, ದೂರಿಗೆ ಉತ್ತರ ಕೊಡುವ ಗಡುವು, ಬಂಧಿತ ತಪ್ಪಿಸಿಕೊಂಡರೆ ದಂಡ, ಹೀಗೆ ಎಣಿಸಲು ಬರುವಂಥವು. ಬೈದರೆ, ಹೆದರಿಸಿದರೆ, ಅವಮಾನಿಸಿದರೆ ಎಷ್ಟು ಎಂಬುದಕ್ಕೆ ಅಲ್ಲಿ ಸರಿಯಾದ ಜಾಗವೇ ಇರಲಿಲ್ಲ. ಸರ್ಕಾರದ ಉಸ್ತುವಾರಿ ಅಧಿಕಾರಿ ಒಳಗೇ ಇದ್ದ, ಆದರೆ ಅವನ ಕೈಯಲ್ಲಿದ್ದ ಪಟ್ಟಿ ಅದು. ನಾನು ಕಿಟಕಿಯಿಂದ ನೋಡಿಯೂ ಬಿಲ್ಲು ಪಾಸು ಮಾಡಿದ್ದು ಇದಕ್ಕಿಂತ ಬೇರೆಯೇನಲ್ಲ.

ಈ ವಿಷಯದಲ್ಲಿ ನನಗೆ ಮುಖ್ಯವಾಗಿ ಹೇಳಬೇಕಿರುವುದೂ ಇದನ್ನೇ. ಮೇಲ್ವಿಚಾರಣೆ ಎಂದರೆ ಎಷ್ಟು ಅಧಿಕಾರಿಗಳು, ಎಷ್ಟು ಮಂಡಳಿಗಳು ಎಂದು ನಾವು ಎಣಿಸುತ್ತೇವೆ. ಆದರೆ ಕಂಪನಿಯ ನಡವಳಿಕೆಯನ್ನು ತಿಂಗಳು ತಿಂಗಳು ತಿದ್ದುವುದು ಬಿಲ್ಲು. ಬಿಲ್ಲಿಗೆ ತಾಕದ ತಪ್ಪು ಕಂಪನಿಯ ಮೇಲಿನವರ ಕಿವಿಗೆ ಬೀಳುವುದಿಲ್ಲ.

ಅಮೆರಿಕದ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ವಲಸೆ ಬಂಧನದ ಹೊಣೆ ಐಸ್ ಎಂಬ ಸಂಸ್ಥೆಯದು. ಬಂಧಿತರಲ್ಲಿ ಬಹುಪಾಲು ಜನ ಇರುವುದು ಖಾಸಗಿ ಕಂಪನಿಗಳು ನಡೆಸುವ ಕೇಂದ್ರಗಳಲ್ಲಿ. ಗೃಹಭದ್ರತಾ ಇಲಾಖೆಯ ಮಹಾತಪಾಸಣಾಧಿಕಾರಿ 2019ರ ಜನವರಿಯಲ್ಲಿ ಕೊಟ್ಟ ವರದಿ 106 ಕೇಂದ್ರಗಳ ಕರಾರುಗಳನ್ನು ನೋಡಿತ್ತು. 2015ರ ಅಕ್ಟೋಬರ್‌ನಿಂದ 2018ರ ಜೂನ್‌ವರೆಗೆ ಸಿಕ್ಕ ಲೋಪಗಳು 14,003. ಹಣದ ದಂಡ ಬಿದ್ದದ್ದು ಎರಡು ಬಾರಿ. ತಪಾಸಣೆಗಳು ನಡೆದಿದ್ದವು, ಲೋಪಗಳನ್ನು ಬರೆದೂ ಇಟ್ಟಿದ್ದರು, ದುಡ್ಡು ಮಾತ್ರ ಹಾಗೇ ಹೋಗುತ್ತಿತ್ತು. ಅದಕ್ಕೂ ಏಳು ತಿಂಗಳ ಹಿಂದಿನ ಇನ್ನೊಂದು ವರದಿ ತಪಾಸಣೆಯ ಬಗ್ಗೆಯೇ ಪ್ರಶ್ನೆ ಎತ್ತಿತ್ತು: ಹಲವು ತಪಾಸಣೆಗಳನ್ನು ಮೊದಲೇ ತಿಳಿಸಿ ಮಾಡುತ್ತಾರೆ, ಮಾಡುವುದೂ ಇನ್ನೊಂದು ಖಾಸಗಿ ಕಂಪನಿ.

ಕೆಲವು ಕರಾರುಗಳಲ್ಲಿ ಇಂತಿಷ್ಟು ಹಾಸಿಗೆಗೆ ಜನ ಇರಲಿ ಬಿಡಲಿ ಹಣ ಕೊಡಲೇಬೇಕು. ಕೋವಿಡ್ ಸಮಯದಲ್ಲಿ, 2020ರ ಮೇ ತಿಂಗಳೊಂದರಲ್ಲೇ, ದಿನಕ್ಕೆ ಸರಾಸರಿ 12,000ಕ್ಕೂ ಹೆಚ್ಚು ಖಾಲಿ ಹಾಸಿಗೆಗಳಿಗೆ 2 ಕೋಟಿ 5 ಲಕ್ಷ ಡಾಲರ್ ಸಂದಾಯವಾಯಿತು. ಖಾಲಿ ಹಾಸಿಗೆಗೂ ಹಣ ತೆರುವ ಇಲಾಖೆಗೆ ಅದನ್ನು ತುಂಬಿಸಬೇಕೆಂಬ ಒತ್ತಡ ಹುಟ್ಟದೆ ಇರುತ್ತದೆಯೇ?

ವಿಮಾನದಲ್ಲಿ

ಕರಾರಿನ ಮಾತು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಜಿಮ್ಮಿ ಮುಬೆಂಗಾ ಅವರ ಸಾವನ್ನು ನೋಡಬೇಕು. ಅಂಗೋಲಾ ದೇಶದ 46 ವರ್ಷದ ಗಂಡಸು, ಐದು ಮಕ್ಕಳ ತಂದೆ. 2010ರ ಅಕ್ಟೋಬರ್ 12ರಂದು ಹೀಥ್ರೋದಲ್ಲಿ ನಿಂತಿದ್ದ ವಿಮಾನದಲ್ಲಿ ಜಿ4ಎಸ್‌ನ ಮೂವರು ಕಾವಲುಗಾರರು ಕೈಗೆ ಬೇಡಿ ಹಾಕಿ, ಸೀಟಿನಲ್ಲಿ ಬಗ್ಗಿಸಿ ಹಿಡಿದಿದ್ದರು. ಉಸಿರಾಡಲು ಆಗುತ್ತಿಲ್ಲ ಎಂದು ಅವರು ಕೂಗಿದ್ದು ಸಹಪ್ರಯಾಣಿಕರಿಗೆ ಕೇಳಿಸಿತು. ಅಲ್ಲೇ ಪ್ರಾಣ ಹೋಯಿತು. 2013ರ ಜುಲೈನಲ್ಲಿ ಮರಣ ವಿಚಾರಣೆಯ ಜ್ಯೂರಿ ಇದನ್ನು ಕಾನೂನುಬಾಹಿರ ಹತ್ಯೆ ಎಂದಿತು. 2014ರ ಡಿಸೆಂಬರ್‌ನಲ್ಲಿ ಕ್ರಿಮಿನಲ್ ನ್ಯಾಯಾಲಯ ಮೂವರನ್ನೂ ಖುಲಾಸೆ ಮಾಡಿತು.

ಮರಣ ವಿಚಾರಣೆ ನಡೆಸಿದ ಕೊರೋನರ್ ಬರೆದ ವರದಿಯಲ್ಲಿ ನನ್ನ ಕಣ್ಣು ನಿಂತದ್ದು ಕಾವಲುಗಾರರ ಸಂಬಳದ ಪದ್ಧತಿಯ ಮೇಲೆ. ಅವರ ಗಳಿಕೆ ಗಂಟೆಯ ಲೆಕ್ಕದ್ದು, ಪ್ರಯಾಣ ರದ್ದಾದರೆ ಅಷ್ಟು ಕೂಲಿ ಹೋಯಿತು. ಹೇಗಾದರೂ ವಿಮಾನ ಏರಿಸಿಯೇ ಬಿಡಬೇಕೆಂಬ ಒತ್ತಡ ಇದರಿಂದ ಹುಟ್ಟುತ್ತದೆ ಎಂಬುದು ಅವರ ಕಳವಳ. ಒಬ್ಬ ಮನುಷ್ಯ ಉಸಿರು ಕಟ್ಟಿ ಒದ್ದಾಡುವಾಗ ಹಿಡಿತ ಸಡಿಲಿಸಬೇಕೋ ಬೇಡವೋ ಎಂಬ ಕ್ಷಣದಲ್ಲಿ ಕೂಲಿಯ ಚಿಂತೆ ಸುಳಿಯುವಂತೆ ಕರಾರು ಬರೆದವರು ಆ ವಿಮಾನದಲ್ಲಿ ಇರಲಿಲ್ಲ. ಕಾವಲುಗಾರರ ತಪ್ಪನ್ನು ಇದು ಅಳಿಸುವುದಿಲ್ಲ. ಆದರೆ ಹನ್ನೆರಡು ಗಂಟೆ ನಿಂತೇ ದುಡಿದು ತಿಂಗಳ ಕೊನೆಗೆ ಕೂಲಿ ಪೂರ್ತಿ ಕೈಗೆ ಬರದೆ ನನ್ನ ಮೇಜಿನ ಮುಂದೆ ನಿಂತ ಎಷ್ಟೋ ಸೆಕ್ಯುರಿಟಿ ಹುಡುಗರನ್ನು ನಾನು ಕಂಡಿದ್ದೇನೆ. ಅವರನ್ನಷ್ಟೇ ದೂರಿ ಮಾತು ಮುಗಿಸಲು ನನಗಾಗದು.

ಸಾಕ್ಷಿಯ ಪ್ರಶ್ನೆಯೂ ಇದೆ. ಆಸ್ಪತ್ರೆಯಲ್ಲಿ ತಳ್ಳಿಸಿಕೊಂಡ ಅಜ್ಜಿ ಮನಸ್ಸು ಮಾಡಿದ್ದರೆ ಮರುದಿನ ಬಂದು ದೂರು ಕೊಡಬಹುದಿತ್ತು, ಜಿಲ್ಲಾಧಿಕಾರಿ ಕಚೇರಿ ಬಸ್ಸಿನ ದೂರದಲ್ಲಿತ್ತು. ವಲಸೆ ಬಂಧಿತನ ಕಥೆ ಹಾಗಲ್ಲ. ಅವನಿಗೆ ಆ ದೇಶದ ಭಾಷೆ ಬಾರದಿರಬಹುದು. ಯಾರ ಮೇಲೆ ದೂರಬೇಕೋ ಅವರ ಕೈಯಲ್ಲೇ ಕೋಣೆಯ ಬೀಗದ ಕೈ. ದೂರು ಕೊಟ್ಟರೆ ತನ್ನ ವೀಸಾ ಪ್ರಕರಣ ಕೆಡುತ್ತದೆ ಎಂಬ ಭಯ. ಇಷ್ಟೆಲ್ಲ ಮೀರಿ ದೂರು ಕೊಟ್ಟನೆಂದೇ ಇಟ್ಟುಕೊಳ್ಳಿ, ತನಿಖೆ ಶುರುವಾಗುವ ಮೊದಲೇ ಅವನನ್ನು ವಿಮಾನ ಹತ್ತಿಸಿರುತ್ತಾರೆ. ಬೇರೆ ಯಾವ ಬಂಧನದಲ್ಲೂ ಪ್ರಕರಣದ ಮುಖ್ಯ ಸಾಕ್ಷಿಯನ್ನು ದೇಶದಿಂದಾಚೆ ಕಳಿಸುವುದೇ ಸಂಸ್ಥೆಯ ದಿನನಿತ್ಯದ ಕೆಲಸವಾಗಿರುವುದಿಲ್ಲ.

ಮೇಸ್ತ್ರಿಯ ಜನ

ಮೂಡಿಗೆರೆಯ ಗೆಳೆಯನಿಗೆ ಒಳಗುತ್ತಿಗೆಯ ವಿಷಯವನ್ನು ವಿವರಿಸುವುದು ಸುಲಭವಾಯಿತು, ಅವನದೂ ಕಾಫಿ ತೋಟ. ಕೊಯ್ಲಿಗೆ ಬಂದ ಆಳು ಬಿದ್ದು ಕಾಲು ಮುರಿದುಕೊಂಡರೆ ತೋಟದ ಯಜಮಾನ ಏನೆನ್ನುತ್ತಾನೆ? "ಅವರು ನಮ್ಮವರಲ್ಲ, ಮೇಸ್ತ್ರಿಯ ಜನ." ಮೇಸ್ತ್ರಿಯನ್ನು ಕೇಳಿದರೆ ಅವನು ಅಸ್ಸಾಮಿನಿಂದ ಕರೆತಂದ ಇನ್ನೊಬ್ಬನ ಕಡೆ ಕೈ ತೋರಿಸುತ್ತಾನೆ.

ಜರ್ಮನಿಯ ಬುರ್ಬಾಖ್ ಎಂಬಲ್ಲಿ ಆದದ್ದು ಇದೇ. ಅದು ಬಂಧನ ಕೇಂದ್ರವಲ್ಲ, ಆಶ್ರಯ ಕೇಳಿ ಬಂದವರ ವಸತಿ. ವಸತಿ ನಡೆಸುವ ಗುತ್ತಿಗೆ ಒಂದು ಕಂಪನಿಗೆ, ಅಲ್ಲಿಂದ ಕಾವಲಿನ ಕೆಲಸ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. 2014ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಒಂದು ಫೋಟೋದಲ್ಲಿ ನೆಲದ ಮೇಲೆ ಬಿದ್ದ ನಿರಾಶ್ರಿತನ ಕುತ್ತಿಗೆಯ ಮೇಲೆ ಕಾವಲುಗಾರ ಕಾಲಿಟ್ಟಿದ್ದ. ಆಸ್ಟ್ರೇಲಿಯಾ ತನ್ನ ತೀರಕ್ಕೆ ದೋಣಿಯಲ್ಲಿ ಬಂದವರನ್ನು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಕ್ಕೆ ಸಾಗಿಸಿತು. ಅಂದರೆ ನೆಲವೂ ಬೇರೆ ದೇಶದ್ದು, ಕಾವಲೂ ಕಂಪನಿಯದು. 2014ರ ಫೆಬ್ರವರಿಯಲ್ಲಿ ಅಲ್ಲಿನ ಗಲಭೆಯಲ್ಲಿ ಇರಾನಿನ ರೆಜಾ ಬರಾತಿ ಎಂಬ ಯುವಕ ಕೊಲೆಯಾದ. ಕಾಪಾಡಬೇಕಿದ್ದ ಕೇಂದ್ರದಲ್ಲೇ ಕೆಲಸಕ್ಕಿದ್ದವರು ಕೊಂದವರಲ್ಲಿ ಇದ್ದರು. ಆಮೇಲೆ ಅದೇ ದ್ವೀಪದ ಕೆಲಸಕ್ಕೆ ಪಾಲಡಿನ್ ಎಂಬ ಕಂಪನಿಗೆ ಬಹಿರಂಗ ಟೆಂಡರ್ ಇಲ್ಲದೆ 42.3 ಕೋಟಿ ಆಸ್ಟ್ರೇಲಿಯನ್ ಡಾಲರ್ ಮೊತ್ತದ ಕರಾರುಗಳು ಹೋದವು. ಅದರ ನೋಂದಾಯಿತ ವಿಳಾಸ ಕಾಂಗರೂ ದ್ವೀಪದ ಕಡಲಂಚಿನ ಒಂದು ಗುಡಿಸಲಿನಂಥ ಮನೆ. ಸರ್ಕಾರಿ ಖರೀದಿ, ಟೆಂಡರುಗಳಿಗಿರುವ ನಮ್ಮ ಕೆಟಿಪಿಪಿ ಕಾಯ್ದೆಯ ಕಟ್ಟುಪಾಡುಗಳಲ್ಲಿ ಒದ್ದಾಡಿದ ನನ್ನಂಥವನಿಗೆ ಇದನ್ನು ಓದಿ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಒಂದು ವಿಷಯದಲ್ಲಿ ನಮ್ಮ ಹಳೆಯ ಕಾನೂನಿಗೆ ಹೆಚ್ಚು ವಿವೇಕವಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಕೂಲಿಗೆ ಈ ನ್ಯಾಯ ಸಲ್ಲುವುದಾದರೆ ಪೆಟ್ಟಿಗೂ ಸಲ್ಲಬೇಕು.

ನಮ್ಮಲ್ಲಿ

ಹಾಸನದಿಂದ ಬೆಂಗಳೂರಿಗೆ ಹೋಗುವ ಬಸ್ಸು ಕುಣಿಗಲ್ ದಾಟಿ ನೆಲಮಂಗಲ ಮುಟ್ಟುತ್ತದಲ್ಲ, ಅಲ್ಲಿಂದ ಹತ್ತಿರದಲ್ಲೇ ಸೊಂಡೆಕೊಪ್ಪ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡವನ್ನು ಕರ್ನಾಟಕದ ಮೊದಲ ವಿದೇಶಿಯರ ಬಂಧನ ಕೇಂದ್ರವಾಗಿ ಸಜ್ಜುಗೊಳಿಸಿದರು. ಅಸ್ಸಾಮಿನ ಗೋಲ್ಪಾರ ಜಿಲ್ಲೆಯ ಮಟಿಯಾದಲ್ಲಿ 3,000 ಜನರನ್ನು ಇಡಬಲ್ಲ ಕೇಂದ್ರವಿದೆ. ಇಂಥ ಕೇಂದ್ರಗಳ ಹೊಣೆ ರಾಜ್ಯ ಸರ್ಕಾರಗಳದು. ಹೇಗಿರಬೇಕು ಎಂಬುದಕ್ಕೆ ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಒಂದು ಮಾದರಿ ಕೈಪಿಡಿ ಕಳಿಸಿದೆ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ.

ಪರದೇಶದವನಾದರೂ ಸಂವಿಧಾನದ 21ನೇ ವಿಧಿ ಅವನ ಜೀವವನ್ನು ಕಾಯುತ್ತದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಹೇಳಿತು. ಅಸ್ಸಾಮಿನಲ್ಲಿ ಮೂರು ವರ್ಷ ಒಳಗಿದ್ದವರನ್ನು ಷರತ್ತಿನ ಮೇಲೆ ಬಿಡಿ ಎಂದು 2019ರಲ್ಲಿ, ಎರಡು ವರ್ಷ ಸಾಕು ಎಂದು 2020ರಲ್ಲಿ ಆದೇಶಿಸಿತು. 2024ರಲ್ಲಿ ಮಟಿಯಾದ ಸ್ಥಿತಿಗತಿಯ ಬಗ್ಗೆ ಕಟುವಾಗಿ ಮಾತಾಡಿ, ಮೊದಲೇ ತಿಳಿಸದೆ ಹೋಗಿ ನೋಡಿ ಎಂದು ಅಲ್ಲಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೇಳಿತು.

ಖಾಸಗಿ ಏಜೆನ್ಸಿಗಳಿಗೆ ನಮ್ಮಲ್ಲಿ ಇರುವುದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ರಾಜ್ಯದ ನಿಯಂತ್ರಣ ಪ್ರಾಧಿಕಾರದಿಂದ ಪರವಾನಗಿ ಬೇಕು, ಅದು ಐದು ವರ್ಷಕ್ಕೆ. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾವಲುಗಾರನ ಪೂರ್ವಾಪರ ಪರಿಶೀಲನೆಯಾಗಬೇಕು. ಮಾದರಿ ನಿಯಮದ ಪ್ರಕಾರ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ. ಪೊಲೀಸರಂತೆಯೋ ಸೈನಿಕರಂತೆಯೋ ಕಾಣುವ ಸಮವಸ್ತ್ರ ತೊಡುವಂತಿಲ್ಲ.

ಈ ಕಾಯ್ದೆಯನ್ನು ಓದುವಾಗ ಒಂದು ವಿಷಯ ಹೊಳೆಯುತ್ತದೆ. ಅದರ ಮನಸ್ಸಿನಲ್ಲಿರುವ ಕಾವಲು ಒಂದೇ ಬಗೆಯದು: ವ್ಯಕ್ತಿಯನ್ನೋ ಆಸ್ತಿಯನ್ನೋ ಹೊರಗಿನವರಿಂದ ರಕ್ಷಿಸುವುದು. ಕಣದಲ್ಲಿ ಒಣಗಲು ಹರವಿದ ಕಾಫಿಯನ್ನು ರಾತ್ರಿ ಕಾಯುವುದು, ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವುದು. ಮನುಷ್ಯನೊಬ್ಬನನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ಒಳಗೇ ಇರಿಸಿಕೊಳ್ಳುವುದನ್ನೂ ಕನ್ನಡದಲ್ಲಿ ಕಾವಲು ಎಂದೇ ಕರೆಯುತ್ತೇವೆ, ಆದರೆ ಎರಡೂ ಒಂದೇ ಕೆಲಸವಲ್ಲ. ಮೊದಲನೆಯದಕ್ಕೆ ಶಿಳ್ಳೆ, ಬ್ಯಾಟರಿ ಸಾಕು. ಎರಡನೆಯದಕ್ಕೆ ಮೈ ಮುಟ್ಟುವ ಅಧಿಕಾರ ಬೇಕಾಗುತ್ತದೆ. ಕಚೇರಿ, ಆಸ್ಪತ್ರೆ, ಹಾಸ್ಟೆಲ್ಲುಗಳ ಬಾಗಿಲೆಲ್ಲ ಹೊರಗುತ್ತಿಗೆಗೆ ಹೋಗಿರುವ ಕಾಲದಲ್ಲಿ ಮುಂದೊಂದು ದಿನ ಈ ಎರಡನೆಯ ಬಗೆಯ ಕಾವಲಿಗೂ ನಮ್ಮಲ್ಲಿ ಟೆಂಡರ್ ಕರೆದರೆ, ಈಗಿರುವ ಪರವಾನಗಿ ಕಾಯ್ದೆಯೊಂದೇ ಸಾಲದು. ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಇಡಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಂಪನಿಯ ಕೈಯಲ್ಲಿರುವ ಕೋಣೆಗೆ ಅದಕ್ಕಿಂತ ಸಡಿಲ ನಿಯಮ ಇರಬಾರದು, ದೃಶ್ಯಗಳು ಕಂಪನಿಯ ಕಂಪ್ಯೂಟರಿನಲ್ಲಂತೂ ಇರಲೇಬಾರದು. ದೂರು ಕಂಪನಿಯ ಮೇಜನ್ನು ಮುಟ್ಟದೆ ಹೊರಗೆ ಹೋಗಬೇಕು. ದೂರು ಕೊಟ್ಟವನ ಹೇಳಿಕೆ ನ್ಯಾಯಾಧೀಶರ ಮುಂದೆ ದಾಖಲಾಗುವವರೆಗೆ ಅವನನ್ನು ವಿಮಾನ ಹತ್ತಿಸಬಾರದು. ಕೈ ಮುಟ್ಟಿದ ಪ್ರತಿ ಸಲವೂ ಬರೆಯಬೇಕು, ಬರೆಯದೆ ಮುಚ್ಚಿಟ್ಟದ್ದು ಸಿಕ್ಕರೆ ಪೆಟ್ಟಿಗಿಂತ ಮುಚ್ಚಿಟ್ಟದ್ದಕ್ಕೆ ಹೆಚ್ಚು ಕಡಿತವಾಗಬೇಕು.

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಮ್ಮ ಆಸ್ಪತ್ರೆಯ ಸೆಕ್ಯುರಿಟಿ ಟೆಂಡರ್ ಹೊಸದಾಗಿ ಕರೆಯುವ ಕಡತ ನನ್ನ ಬಳಿಗೆ ಬಂತು. ಟಿಪ್ಪಣಿ ಹಾಳೆಯಲ್ಲಿ ಒಂದು ಪ್ಯಾರಾ ಸೇರಿಸಿದೆ: ರೋಗಿಗಳು ಮತ್ತು ಅವರ ಕಡೆಯವರ ದೂರಿಗೆ ಪ್ರತ್ಯೇಕ ಪುಸ್ತಕ ಇಡುವುದು, ಅದು ಏಜೆನ್ಸಿಯ ಬಳಿಯಲ್ಲ, ಶುಶ್ರೂಷಾ ಅಧೀಕ್ಷಕಿಯ ಬಳಿ ಇರುವುದು, ಸಾಬೀತಾದ ಪ್ರತಿ ದೂರಿಗೆ ಬಿಲ್ಲಿನಲ್ಲಿ ಕಡಿತ. ಕಡತ "ಚರ್ಚಿಸಿ" ಎಂಬ ಷರಾದೊಂದಿಗೆ ವಾಪಸು ಬಂತು. ಹೋಗಿ ಚರ್ಚಿಸಿದೆ. ಆ ಅಜ್ಜಿಯ ವಿಷಯ ಹೇಳಿದೆ, ನಾನೇ ಬಿಲ್ಲು ಪಾಸು ಮಾಡಿದ್ದನ್ನೂ ಹೇಳಿದೆ. ಷರತ್ತು ಸೇರಿತು. ಹೊಸ ಏಜೆನ್ಸಿಯ ಮೊದಲ ತಿಂಗಳ ಬಿಲ್ಲಿನ ಜೊತೆ ಆ ಪುಸ್ತಕವೂ ಮೇಜಿಗೆ ಬಂದಾಗ ತೆರೆದು ನೋಡಿದೆ. ಮೂರು ದೂರುಗಳಿದ್ದವು. ಅದರಲ್ಲೊಂದರ ಕೆಳಗೆ ಸಹಿಯಿರಲಿಲ್ಲ, ಹೆಬ್ಬೆಟ್ಟಿನ ಗುರುತಿತ್ತು.